ಬಳೆ ಏರದ ಕೈ

ಕಾಶೀಬಾಯಿಯವರ ಮನೆಗೆ ಹೋದವರಿಗೆ ಚಹಾ ಸಿಗುವುದು ಖಾತ್ರಿಯಿತ್ತು, ಆದರೆ ಚಹಾಕ್ಕಿಂತ ಮೊದಲು ತೋಳು ಕೊಡಬೇಕಿತ್ತು. ಬ್ಯಾಡಗಿಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಈ ಹೆಂಗಸು ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆಯೊಂದನ್ನು ಸ್ವಂತಕ್ಕೇ ಕೊಂಡಿದ್ದರು. ಅದಕ್ಕೆ ಹಳೆಯ ಇಳಕಲ್ ಸೀರೆಯಲ್ಲಿ ಚೀಲ ಹೊಲಿಸಿ, ಹೋದಲ್ಲೆಲ್ಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಮದುವೆಮನೆಗೂ ಅದು ಬರುತ್ತಿತ್ತು. ಮಂದಿ ಅಕ್ಷತೆ ಹಾಕಿ ಊಟಕ್ಕೆ ಏಳುವಷ್ಟರಲ್ಲಿ ಇವರು ಒಂದು ಮೂಲೆ ಹಿಡಿದು, ಯಾರದೋ ತೋಳಿಗೆ ಪಟ್ಟಿ ಸುತ್ತಿ, ಪುಸುಪುಸು ಗಾಳಿ ಹೊಡೆಯುತ್ತ ಕೂತಿರುತ್ತಿದ್ದರು. ಗಂಡ ಗುರುರಾಜರು ಹೈಸ್ಕೂಲ್ ಮಾಸ್ತರರು, ಸಾಧು ಮನುಷ್ಯ. "ನಂದು ಮುಂಜಾನೆ ನೋಡ್ಯಾಗೇದ, ಸಂಜೀಕೂ ನೋಡಬೇಕೇನು" ಎಂದು ಕೇಳುತ್ತಲೇ ಅಂಗಿಯ ತೋಳು ಮಡಚುತ್ತಿದ್ದರು.

ಜನ ನಗುತ್ತಿದ್ದರು. ನಗಲಿ ಬಿಡಿ. ಹಾವೇರಿ ಇನ್ನೂ ಜಿಲ್ಲೆಯಾಗದೆ ಧಾರವಾಡದ ಸೆರಗು ಹಿಡಿದುಕೊಂಡಿದ್ದ ಆ ಕಾಲದಲ್ಲಿ, ಬಿ.ಪಿ. ಎಂಬ ಎರಡಕ್ಷರಕ್ಕೆ ನಮ್ಮವರು ಬೆಲೆ ಕೊಡುತ್ತಿದ್ದದ್ದು ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದ ಮೇಲೆ. ಅದರಲ್ಲೂ ಬ್ಯಾಡಗಿಯವರ ತಿಳಿವಳಿಕೆಯೇ ಬೇರೆ. ಊರು ತುಂಬ ಮೆಣಸಿನಕಾಯಿ, ಹಾಗಾಗಿ ಬಿ.ಪಿ. ಎಂದರೆ ಖಾರದ ರೋಗ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಮೆಣಸಿನಕಾಯಿ ವ್ಯಾಪಾರದ ಅಡತಿ ಅಂಗಡಿಯ ಸಿದ್ದಲಿಂಗಪ್ಪನವರು ಹಾಗೆ ಖಾರ ಬಿಟ್ಟು, ಬಿಟ್ಟೆನೆಂದು ಪೇಟೆಗೆಲ್ಲ ಸಾರಿ, ಸಪ್ಪೆ ಊಟ ಗಂಟಲಿಗೆ ಇಳಿಯಲೆಂದು ಸಂಡಿಗೆ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಎರಡು ಪಟ್ಟು ತಿನ್ನತೊಡಗಿದ್ದರು. ಕಾಶೀಬಾಯಿ ಅವರ ಗಾದಿಯ ಮೇಲೆಯೇ ಪೆಟ್ಟಿಗೆ ತೆರೆದು ನೋಡಿ, "ಖಾರ ತಿರುಗಿ ಹಚ್ಚಿಕೊಳ್ರಿ, ಉಪ್ಪು ಬಿಡ್ರಿ, ಗುಳಿಗಿ ನುಂಗ್ರಿ" ಎಂದರು. ಅಷ್ಟಕ್ಕೆ ಬಿಡಲಿಲ್ಲ. ಡ್ಯೂಟಿಗೆ ಹೋಗುವಾಗ ದಿನಾ ಆ ಅಂಗಡಿಯ ಮುಂದೆ ನಿಂತು, ರಸ್ತೆಯಿಂದಲೇ, ಹಮಾಲರೆಲ್ಲ ಕೇಳುವಂತೆ, "ಗುಳಿಗಿ ಆತೇನ್ರಿ" ಎಂದು ಕೂಗುತ್ತಿದ್ದರು. ಮರ್ಯಾದೆಗೆ ಅಂಜಿ ಆ ಮನುಷ್ಯ ಗುಳಿಗೆ ನುಂಗಿ ನುಂಗಿ ಗಟ್ಟಿಯಾಗಿಯೇ ಉಳಿದರು.

ಗಂಡಸರನ್ನು ಹೀಗೆ ನಾಚಿಸಿ ದಾರಿಗೆ ತರಬಹುದಿತ್ತು. ಕಾಶೀಬಾಯಿಯವರಿಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದವರು ಬಸುರಿಯರು. ಅವರು ಆಸ್ಪತ್ರೆಗೆ ಬರುತ್ತಿದ್ದುದು ಚಕ್ಕಡಿಯಲ್ಲಿ ಮಲಗಿ, ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದ ಮೇಲೆ. ಮನೆಯವರು ಮೊದಲು ಗಾಳಿ ಬಡಿದಿದೆ ಎಂದು ಬೂದಿ ಹಚ್ಚಿಸಿ, ತಾಯಿತ ಕಟ್ಟಿಸಿ, ಎಲ್ಲ ಮುಗಿದ ಮೇಲೆ ಕರೆತರುವರು. ಒಳಗೆ ರಕ್ತದ ಒತ್ತಡ ಏರುತ್ತ ಏರುತ್ತ ಮಿದುಳಿಗೆ ಹೊಡೆದಿರುತ್ತಿತ್ತು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಕಾಶೀಬಾಯಿಯವರಿಗೆ ಮೈ ಉರಿಯುತ್ತಿದ್ದದ್ದು ಸಾವಿಗಿಂತ ಹೆಚ್ಚಾಗಿ ಒಂದು ಮಾತಿಗೆ. ಪ್ರತಿ ಅತ್ತೆಯೂ, ಪ್ರತಿ ತಾಯಿಯೂ ಅತ್ತುಕೊಳ್ಳುತ್ತ ಅದನ್ನೇ ಹೇಳುತ್ತಿದ್ದರು: "ನಿನ್ನಿ ತನಕಾ ಚಲೋ ಇದ್ದಳ್ರಿ, ಕೈಕಾಲು ಹ್ಯಾಂಗ ತುಂಬಿ ಬಂದಿದ್ದು." ಬಾವು ಬಂದದ್ದನ್ನು ಎಲ್ಲರೂ ಕಂಡಿದ್ದರು. ಕಂಡು ಸಂತೋಷಪಟ್ಟಿದ್ದರು. ಕೈ ತುಂಬಿದರೆ ಗಂಡುಮಗು ಎಂಬ ಲೆಕ್ಕಾಚಾರ ಬೇರೆ.

ಒಬ್ಬಳನ್ನಾದರೂ ಸೆಟೆಯುವ ಮೊದಲು ಹಿಡಿಯಬೇಕು. ಕಾಶೀಬಾಯಿಯವರ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ರಜೆಯ ದಿನ ಹಳ್ಳಿಗಳಿಗೆ ಹೋದರು. ಪೆಟ್ಟಿಗೆ ಕಂಡೊಡನೆ ಅತ್ತೆಯರು ಸೊಸೆಯರನ್ನು ಅಡುಗೆಮನೆಗೆ ಅಟ್ಟಿ, "ನಮ್ಮ ಸೊಸಿಗೆ ಏನಾಗೇತ್ರಿ, ರೊಟ್ಟಿ ಬಡ್ಯಾಕತ್ತಾಳ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಮಜ್ಜಿಗೆ ಕುಡಿದು ವಾಪಸು ಬರುವುದೇ ಆಯಿತು.

ದಾರಿ ಸಿಕ್ಕಿದ್ದು ಬಳೆ ಅಂಗಡಿಯಲ್ಲಿ. ಬ್ಯಾಡಗಿ ಪೇಟೆಯ ಸಂದಿಯಲ್ಲಿ ಸೈದಾಬಿ ಎಂಬ ಬಳೆಗಾರ್ತಿಯ ಪುಟ್ಟ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ಬಸುರಿಗೆ ಹಸಿರು ಬಳೆ ತೊಡಿಸುವ ಕುಬಸ, ಏನೇ ಆದರೂ ಬಳೆ ಇಡಲು ಅವಳೇ ಹೋಗಬೇಕು. ಕಾಶೀಬಾಯಿ ಹಬ್ಬಕ್ಕೆಂದು ಬಳೆ ಇಡಿಸಿಕೊಳ್ಳಲು ಕೂತಿದ್ದಾಗ ಸೈದಾಬಿ ಅವರ ಮುಷ್ಟಿಯನ್ನು ಹಿಟ್ಟು ನಾದಿದಂತೆ ನಾದುತ್ತ, ಊರಿನ ಸುದ್ದಿ ಹೇಳುತ್ತಿದ್ದಳು.

"ಹೋದ ವಾರ ಸತ್ತಳಲ್ರಿ ಬಸುರಿ, ಅಕಿ ಕೈ ನಂಗ ಚಲೋ ಗೊತ್ತಿತ್ರಿ. ಮದವ್ಯಾಗ ಎರಡು-ನಾಕರ ಸಣ್ಣ ಅಳತಿ ಬಳಿ. ಕುಬಸದಾಗ ಎರಡು-ಆರು ಇಟ್ಟೆ. ಅದಾಗಿ ಸ್ವಲ್ಪ ದಿವಸಕ್ಕ ಮತ್ತ ಕರಿಸಿದ್ರು, ಎರಡು-ಎಂಟೂ ಏರವಲ್ದು."

ಕಾಶೀಬಾಯಿ ಎದ್ದೇ ನಿಂತರು. ಬಳೆ ಇನ್ನೂ ಬೆರಳ ಗಂಟಿನ ಮೇಲೆ ಸಿಕ್ಕಿಕೊಂಡಿತ್ತು.

"ಸೈದಾಬಿ, ಬಸುರಿದ್ದಾಕಿ ಕೈ ಬಾತಿದ್ದು ನಿಂಗ ಗೊತ್ತಾಗ್ತದನು?"

"ನನಗಲ್ದ ಮತ್ಯಾರಿಗೆ ಗೊತ್ತಾಕ್ಕೈತ್ರಿ ಬಾಯಾರ? ಊಟ ಮಾಡಿ ದಪ್ಪಾದ ಕೈ ಬ್ಯಾರೆ, ಬಾತ ಕೈ ಬ್ಯಾರೆ. ಬಾತ ಕೈ ಒತ್ತಿದ್ರ ಒಳಗ ಹೋಗಿ ಅಲ್ಲೇ ಕುಂದರತೈತಿ."

ಸಂಭ್ರಮ ಎಂದರೆ ಅದು. ಆಸ್ಪತ್ರೆಗೆ ಬರದ, ನರ್ಸಿಗೆ ಮುಖ ತೋರಿಸದ ಪ್ರತಿ ಬಸುರಿಯೂ ಈ ಹೆಂಗಸಿಗೆ ಎರಡೂ ಕೈ ಕೊಟ್ಟು ಕೂರುತ್ತಾಳೆ ಎಂಬುದು ಇಷ್ಟು ವರ್ಷ ತನಗೆ ಹೊಳೆಯಲಿಲ್ಲವಲ್ಲ ಎಂದು ಕಾಶೀಬಾಯಿ ಹಣೆ ಹಣೆ ಬಡಿದುಕೊಂಡು ನಕ್ಕರು. ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿ, ಸೈದಾಬಿಯ ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ ಅಂದರೇನು, ಬಸುರಿಗೆ ಅದು ಏರಿದರೆ ಏನಾಗುತ್ತದೆ, ಬಾವು ಹೇಗೆ ಅದರ ಗುರುತಾಗಬಹುದು ಎಂದು ಒಂದೇ ಉಸಿರಿಗೆ ಹೇಳಿದರು. ಸೈದಾಬಿ ಕಣ್ಣರಳಿಸಿ ಕೇಳಿದಳು. ಆದರೆ ತೊಡಕೊಂದನ್ನು ಅವಳೇ ಎತ್ತಿದಳು.

"ಬಳಿಗಾರ್ತಿ ಆದಾಕಿ ಕುಬಸದ ಮನ್ಯಾಗ ಕುಂತು, ಬಳಿ ಆಗಂಗಿಲ್ಲ ಅನ್ನಬಾರದ್ರಿ. ಅಂದ್ರ ಮುಂದ ಯಾರೂ ನನ್ನ ಹೊಸ್ತಿಲಾ ತುಳಿಸಂಗಿಲ್ಲ. ಏರದಿದ್ರ ಸಬಕಾರದ ನೊರಿ ಹಚ್ಚಿ ಏರಸಬೇಕು, ಬಾಯಿ ಮುಚ್ಚಿಕೊಂಡ ಇರಬೇಕು."

"ಹಂಗಾದ್ರ ಅನಬ್ಯಾಡ. ದೊಡ್ಡ ಅಳತೀವು ತೀರ್ಯಾವ, ಅಂಗಡಿಯಿಂದ ತರಸ್ತೇನಿ ಅನ್ನು. ತರೂದು ನಾನು."

ಇಬ್ಬರೂ ಸೇರಿ ಹೆಣೆದ ಈ ಉಪಾಯ ಮೊದಮೊದಲು ಏನೂ ಕೊಡಲಿಲ್ಲ. ಒಂದು ಸಲ ಓಡಿಹೋದರೆ ಹುಡುಗಿ ತವರಿನ ತುಪ್ಪ ತಿಂದು ದಪ್ಪಗಾಗಿದ್ದಳು, ಅಷ್ಟೇ. ಇನ್ನೊಂದು ಸಲ ಪಾದರಸ ಸ್ವಲ್ಪವೇ ಏರಿತ್ತು, ಉಪ್ಪು ಕಡಿಮೆ ಮಾಡಿಸಿ, ಎಡಕ್ಕೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿ, ವಾರವಾರ ಹೋಗಿ ನೋಡಿ, ಸುಸೂತ್ರ ಹೆರಿಗೆಯಾಯಿತು. "ಬಳಿ ಮಾರಾಕ ಹೊಂಟ್ರೇನ್ರಿ ಸಿಸ್ಟರ್" ಎಂದು ಆಸ್ಪತ್ರೆಯ ಡಾಕ್ಟರು ಚೇಷ್ಟೆ ಮಾಡುತ್ತಿದ್ದರು, ಆದರೆ ಹೋಗಬೇಡಿ ಎಂದು ಒಮ್ಮೆಯೂ ಅನ್ನಲಿಲ್ಲ.

ಮೆಣಸಿನಕಾಯಿ ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ, ಪೇಟೆ ತುಂಬ ಚೀಲಗಳು, ಸೀನು, ಗದ್ದಲ. ಕದರಮಂಡಲಗಿ ಕಡೆಯಿಂದ ಬಂದ ಕೆಂಪು ಬಸ್ಸಿನ ಕಂಡಕ್ಟರು ಆಸ್ಪತ್ರೆಯ ಬಾಗಿಲಿಗೆ ಬಂದು ಹೇಳಿದ: "ಸೈದಾಬಿ ಹೇಳಿ ಕಳಿಸ್ಯಾಳ್ರಿ, ದೊಡ್ಡ ಹಸರ ಬಳಿ ಬೇಕಂತ. ಭಾಳ ಲಗೂ ಅಂತ. ಎರಡ ಸಲ ಹೇಳ್ಯಾಳ, ಭಾಳ ಲಗೂ ಅಂತ."

ಕಾಶೀಬಾಯಿ ಡಾಕ್ಟರಿಗೆ ಹೇಳಿ, ಅಂಗಡಿಯಿಂದ ಬಳೆಯ ಗಂಟು ಎತ್ತಿಕೊಂಡು, ಅದೇ ಬಸ್ಸು ತಿರುಗಿ ಹೊರಡುವಷ್ಟರಲ್ಲಿ ಒಳಗಿದ್ದರು. ಡ್ರೈವರನಿಗೆ ಒತ್ತಿ ಹೊಡಿ ಎಂದು ಹೇಳಲು ಹೋಗಿ, ರಸ್ತೆಯ ತಗ್ಗು ನೋಡಿ ಸುಮ್ಮನಾದರು.

ಕದರಮಂಡಲಗಿಯನ್ನು ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರು. ರೈತರ ಮನೆ, ಅಂಗಳದಲ್ಲಿ ಚಪ್ಪರ. ಆ ಮನೆಯ ಯಜಮಾನಿ ಉಚ್ಚಂಗೆವ್ವ, ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಅವಳ ಒಬ್ಬನೇ ಮಗ ಮಲ್ಲೇಶಪ್ಪನ ಹೆಂಡತಿ ಶೇಖವ್ವನಿಗೆ ಚೊಚ್ಚಲು. ಏಳನೇ ತಿಂಗಳಿಗೆ ಆಗಬೇಕಿದ್ದ ಕುಬಸ, ಮೆಣಸಿನಕಾಯಿ ಬಿಡಿಸುವ ಕೆಲಸದಲ್ಲಿ ಕೈ ಬಿಡುವಾಗದೆ ಒಂಬತ್ತಕ್ಕೆ ಹೋಗಿತ್ತು. ನಡುಮನೆಯಲ್ಲಿ ಮಣೆಯ ಮೇಲೆ ಶೇಖವ್ವ ಹಸಿರು ಸೀರೆ ಉಟ್ಟು, ದಂಡೆ ಮುಡಿದು ಕೂತಿದ್ದಳು. ಎಡಗೈ ತುಂಬ ಬಳೆ, ಮಾಂಸಕ್ಕೆ ಕಚ್ಚಿಕೊಂಡು ನಿಂತಿದ್ದವು. ಬಲಗೈ ಬರಿದಾಗಿ ಸೈದಾಬಿಯ ಮಡಿಲಲ್ಲಿತ್ತು.

"ಬರ್ರಿ ಬಾಯಾರ, ಬಳಿ ತಂದ್ರೇನು" ಎಂದಳು ಉಚ್ಚಂಗೆವ್ವ. "ನೋಡ್ರಿ ನಮ್ಮ ಸೊಸಿ ಕೈ ಹ್ಯಾಂಗ ತುಂಬ್ಯಾವ. ಬಳಿಗಾರ್ತಿ ಬಳೀನ ಸಾಲವಲ್ವು." ಸುತ್ತ ಕೂತ ಹೆಂಗಸರು ನಕ್ಕರು. ಸೈದಾಬಿ ಮಾತ್ರ ನಗಲಿಲ್ಲ. ಕಣ್ಣಲ್ಲೇ ಕಾಶೀಬಾಯಿಯವರನ್ನು ಕರೆದಳು.

ಕಾಶೀಬಾಯಿ ಬಳೆಯ ಗಂಟು ಕೆಳಗಿಟ್ಟು, ಸೀರೆಯ ನಿರಿಗೆ ಸರಿಪಡಿಸುವ ನೆಪದಲ್ಲಿ ಶೇಖವ್ವನ ಕಣಕಾಲಿಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ನಿಂತಿತು. ಮುಖ ನೋಡಿದರು, ಕಣ್ಣಿನ ಸುತ್ತಲೂ ಬಾತಿತ್ತು. ತೋಳಿಗೆ ಪಟ್ಟಿ ಸುತ್ತಬೇಕು, ಈಗಲೇ. ಆದರೆ ಕುಬಸದ ಹುಡುಗಿಗೆ, ಆರತಿಯಾಗುವ ಮೊದಲು, ಆಸ್ಪತ್ರೆಯ ಸಾಮಾನು ಮುಟ್ಟಿಸಲು ಯಾವ ಅತ್ತೆ ಬಿಟ್ಟಾಳು? ಅಲ್ಲಿ ಜಗಳಕ್ಕೆ ನಿಂತರೆ ಬಾಗಿಲ ಹೊರಗೇ ಗತಿ. ಕಾಶೀಬಾಯಿ ನಗುಮುಖ ಮಾಡಿ ಪೆಟ್ಟಿಗೆಯನ್ನು ಉಚ್ಚಂಗೆವ್ವನ ಮುಂದೆ ಇಟ್ಟರು.

"ಸೊಸಿಗೆ ಸೈದಾಬಿ ಬಳಿ ಇಡ್ತಾಳ. ಹಿರೇರಿಗೆ ನಾ ಒಂದು ತೋಳಬಂದಿ ಇಡ್ತೀನಿ, ಕೈ ಕೊಡ್ರಿ."

ಉಚ್ಚಂಗೆವ್ವನಿಗೆ ಖುಷಿಯಾಯಿತು. ತೋಳು ಚಾಚಿದಳು. ಗಾಳಿ ಹೊಡೆದಂತೆ ಪಾದರಸ ಗಾಜಿನ ಕೊಳವೆಯಲ್ಲಿ ಏರಿತು, ಬಿಟ್ಟಂತೆ ಇಳಿಯಿತು, ಇಳಿಯುತ್ತ ಒಂದು ಕಡೆ ಟಕಟಕ ಕುಣಿಯಿತು. "ಎಲ್ಲಿ ಕುಣೀಲಿಕ್ಕೆ ಶುರು ಮಾಡ್ತಲ್ಲ, ಅದು ನಿಮ್ಮ ರಕ್ತದ ಜೋರು. ಕೊಳವಿ ಅರ್ಧಕ್ಕಿಂತ ಕೆಳಗ ಇರಬೇಕು. ನಿಮ್ಮದು ಕೆಳಗೇ ಅದ, ಗಟ್ಟಿ ಇದ್ದೀರಿ." ಉಚ್ಚಂಗೆವ್ವ ಬೀಗಿದಳು. ಇನ್ನು ಕೇಳಬೇಕೇ, ನನಗೂ ನನಗೂ ಎಂದು ಹೆಂಗಸರು ತೋಳು ಚಾಚಿದರು. ಬೀಗಿತ್ತಿಯದು ಎಲ್ಲಿ ಕುಣಿಯಿತು, ನೆಗೆಣ್ಣಿಯದು ಎಲ್ಲಿ ಕುಣಿಯಿತು ಎಂದು ಬಗ್ಗಿ ಬಗ್ಗಿ ನೋಡಿದರು. ಆರತಿಯ ತಟ್ಟೆ ಮರೆತೇಹೋಯಿತು. ಒಳಗೊಳಗೇ ಕುದಿಯುತ್ತಿದ್ದ ಕಾಶೀಬಾಯಿ ನಾಲ್ಕೈದು ತೋಳು ಮುಗಿಸಿ, "ಎಲ್ಲಾರದೂ ಆತು, ಮಣೀಮ್ಯಾಲೆ ಕೂತಾಕಿದು ಬಿಟ್ಟರ ಹ್ಯಾಂಗ" ಎಂದು ಶೇಖವ್ವನ ತೋಳಿಗೆ ಪಟ್ಟಿ ಸುತ್ತಿಯೇಬಿಟ್ಟರು.

ಪಾದರಸ ಏರಿತು. ಇಳಿಯತೊಡಗಿತು. ಅರ್ಧಕ್ಕೆ ಬರುವುದಿರಲಿ, ಅಷ್ಟು ದೂರ ಮೇಲಿರುವಾಗಲೇ ಕುಣಿಯಲು ಶುರು ಮಾಡಿತು. ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ, ಎಲ್ಲರ ಕಣ್ಣೂ ಅದೇ ಕೊಳವೆಯ ಮೇಲಿತ್ತು.

"ಶೇಖವ್ವ, ತಲಿ ನೋಯ್ತದನವಾ?" ಕಾಶೀಬಾಯಿ ಮೆತ್ತಗೆ ಕೇಳಿದರು.

ಹುಡುಗಿ ಅತ್ತೆಯ ಕಡೆ ನೋಡಿ, ತಲೆ ತಗ್ಗಿಸಿದಳು. "ನಿನ್ನೆ ಸಂಜೀಂದ ಸಿಡ್ಯಾಕತ್ತೇತ್ರಿ. ಮುಂಜಾನಿಂದ ಕಣ್ಣಮುಂದ ಕಿಡಿ ಹಾರಿದಂಗ ಆಗತೈತಿ. ಕಾರ್ಯ ಕೆಡತೈತಂತ ಹೇಳಲಿಲ್ರಿ."

ಕಾಶೀಬಾಯಿಯವರ ಎದೆಯಲ್ಲಿ ಅಂಜಿಕೆಯೂ ಸಂತೋಷವೂ ಒಟ್ಟಿಗೇ ಎದ್ದವು. ಸಂತೋಷ ಎಂದರೆ ಯಾರಾದರೂ ಬೈದಾರು, ಆದರೆ ಅದು ಸಂತೋಷವೇ. ಇಷ್ಟು ವರ್ಷ ಯಾರನ್ನು ಹುಡುಕುತ್ತಿದ್ದರೋ ಅವಳು ಇಲ್ಲಿ ಮಾತಾಡುತ್ತ, ಉಸಿರಾಡುತ್ತ, ನಾಚಿಕೊಳ್ಳುತ್ತ ಕೂತಿದ್ದಳು. ಇನ್ನೂ ಸೆಟೆದಿರಲಿಲ್ಲ. ಇನ್ನು ಉಳಿದದ್ದು ಹೊತ್ತಿನ ಮಾತು, ಅಷ್ಟೇ.

"ಉಚ್ಚಂಗೆವ್ವ, ಬ್ಯಾಡಗ್ಯಾಗ ಇದು ಆಗೂದಿಲ್ಲ, ಈಗಿಂದೀಗ ಇಕೀನ್ನ ರಾಣೆಬೆನ್ನೂರಿನ ದೊಡ್ಡ ದವಾಖಾನಿಗೆ ಒಯ್ಯಬೇಕು. ಸಂಜೀ ತನಕಾ ಬಿಟ್ರ ಕೈಕಾಲು ಸೆಟೀತಾವ. ತಾಯಿನೂ ಹೋಗ್ತಾಳ, ಕೂಸೂ ಹೋಗ್ತದ. ಮುಚ್ಚಿಟ್ಟು ಹೇಳ್ಲಿಕ್ಕತ್ತಿಲ್ಲ."

ಉಚ್ಚಂಗೆವ್ವ ಅಂದಳು, "ಆರತಿ ಆಗದ ಹೊಸ್ತಿಲಾ ದಾಟಸಬಾರದ್ರಿ."

"ಮತ್ತ ಕೂತೀರಿ ಯಾಕ, ಎತ್ರಿ ಆರತಿ. ಹಾಡು ಒಂದ ಸಾಕು, ಅದೂ ಸಣ್ಣದು."

ಆ ಊರಿನಲ್ಲಿ ಅಂಥ ಕುಬಸ ಹಿಂದೆ ಆಗಿರಲಿಲ್ಲ. ಸೈದಾಬಿ ಕಾಶೀಬಾಯಿ ತಂದ ದೊಡ್ಡ ಬಳೆಗಳನ್ನು ಸಬಕಾರ ಹಚ್ಚಿ ಬಲಗೈಗೆ ಸರಸರ ಏರಿಸಿದಳು. ಸೋಬಾನೆ ಹಾಡುವವರು ಅರ್ಧ ಹಾಡಿಗೇ ಆರತಿ ಎತ್ತಿ ಉಡಿ ತುಂಬಿದರು. ಶೇಖವ್ವನನ್ನು ಎಡಮಗ್ಗುಲಿಗೆ ಮಲಗಿಸಿ, ಕಿಟಕಿಗೆ ಕೌದಿ ಇಳಿಬಿಟ್ಟು, ಯಾರೂ ಗದ್ದಲ ಮಾಡಕೂಡದು ಎಂದು ಕಾಶೀಬಾಯಿ ಹೊರಗೆ ಓಡಿದರು. ಮಲ್ಲೇಶಪ್ಪ ಟ್ರ್ಯಾಕ್ಟರಿಗೆ ಟ್ರೇಲರ್ ಹೂಡುತ್ತಿದ್ದ.

"ಅದು ಬ್ಯಾಡೋ ತಮ್ಮಾ. ಎತ್ತಿ ಎತ್ತಿ ಒಗೀತದ. ಮೈ ಕುಲುಕಬಾರದು ಇಕೀದು."

ರಸ್ತೆಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಟೆಂಪೋ ಬರುತ್ತಿತ್ತು. ಕಾಶೀಬಾಯಿ ರಾಣೆಬೆನ್ನೂರಿಗೆ ತಿರುಗಿಸು ಎನ್ನುತ್ತ ಅದರ ಮುಂದೆ ಎರಡೂ ಕೈ ಚಾಚಿ ನಿಂತರು. ಡ್ರೈವರ್ ಅಜ್ಜಪ್ಪ ಬ್ರೇಕ್ ಒತ್ತಿ ತಲೆ ಹೊರಹಾಕಿದ. "ಬ್ಯಾಡಗಿ ಪ್ಯಾಟಿಗೆ ಮಾಲು ಮುಟ್ಟಬೇಕ್ರಿ ಬಾಯಾರ, ನೀವು ಹೇಳೂದು ಉಲ್ಟಾ ದಾರಿ" ಎಂದು ಗೊಣಗಿದ. ಗೊಣಗುವಷ್ಟರಲ್ಲಿ ಹಿಂದಿನ ಬಾಗಿಲು ಬಿಚ್ಚಿಯಾಗಿತ್ತು. ಕುಬಸಕ್ಕೆ ಬಂದ ಹೆಂಗಸರು, ಜರಿ ಸೆರಗು ಸೊಂಟಕ್ಕೆ ಬಿಗಿದು, ಮೂಗು ಮುಚ್ಚಿಕೊಂಡು, ಸೀನುತ್ತ, ಕೆಮ್ಮುತ್ತ, ಚೀಲಗಳನ್ನು ಚಪ್ಪರದ ಕೆಳಗೆ ಎಳೆದುಹಾಕುತ್ತಿದ್ದರು. ಅಜ್ಜಪ್ಪ ಇಳಿದು ನೋಡಿದ, ತಲೆ ಕೆರೆದುಕೊಂಡ, ಕೊನೆಗೆ ತಾನೂ ಒಂದು ಚೀಲ ಹೆಗಲಿಗೆ ಹಾಕಿದ. ನೀರು ಚೆಲ್ಲಿ ಘಾಟು ಇಳಿಸಿದರು. ಹುಲ್ಲು, ಅದರ ಮೇಲೆ ಕೌದಿ, ಅದರ ಮೇಲೆ ಶೇಖವ್ವ. ಬಿಸಿಲು ಬೀಳದಂತೆ ಮುಖಕ್ಕೆ ಒದ್ದೆ ಬಟ್ಟೆ.

ಟೆಂಪೋ ಮೆಲ್ಲಗೆ ಹೊರಟಿತು. ಒಳಗೆ ಕಾಶೀಬಾಯಿ, ಉಚ್ಚಂಗೆವ್ವ. ಕಾಶೀಬಾಯಿಯವರ ಕೈಯಲ್ಲಿ ಹತ್ತಿ ಸುತ್ತಿದ ಒಂದು ಚಮಚ ಇತ್ತು.

"ಅದ್ಯಾತಕ್ರಿ?" ಉಚ್ಚಂಗೆವ್ವ ಕೇಳಿದಳು.

"ಸೆಟದ್ರ ನಾಲಿಗಿ ಕಚ್ಚಿಕೊಳ್ಳಬಾರದಂತ."

ಉಚ್ಚಂಗೆವ್ವ ಸೊಸೆಯ ಬಾತ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ, ಟೆಂಪೋದ ಸದ್ದಿನಲ್ಲಿ ಕೇಳಿಸದಷ್ಟು ಸಣ್ಣಗೆ ಹೇಳಿದಳು: "ನಮ್ಮ ತಂಗೀಗೂ ಹಿಂಗ ಆಗಿತ್ರಿ. ಹಡದ ಮರುದಿವಸ. ಮನ್ಯಾಗ ಎಲ್ಲಾರೂ ಸಕ್ಕರಿ ಹಂಚಾಕತ್ತಿದ್ವಿ. ನಾಲಿಗಿ ಕಚ್ಚಿಕೊಂಡು ಬಾಯೆಲ್ಲಾ ರಕ್ತ. ಗಾಳಿ ಅಂದ್ರು. ಅಕಿ ಕೈನೂ ಹಿಂಗ ತುಂಬಿದ್ದು, ಕುಬಸದಾಗ ನಾನ ಆರತಿ ಎತ್ತಿದ್ದೆ. ಎಷ್ಟ ಚಂದ ಕಾಣತಾಳ ಅಂದಿದ್ದೆ." ಕಾಶೀಬಾಯಿ ಅವಳ ಬೆನ್ನಿನ ಮೇಲೆ ಕೈ ಇಟ್ಟರು.

ರಾಣೆಬೆನ್ನೂರಿನ ಆಸ್ಪತ್ರೆಯ ಡಾಕ್ಟರಬಾಯಿ ಪಟ್ಟಿ ಸುತ್ತಿ ನೋಡಿ, ಕಾಶೀಬಾಯಿಯವರ ಕಡೆ ಒಮ್ಮೆ ನೋಡಿ, "ಹೊತ್ತಿನ್ಯಾಗ ತಂದೀರಿ" ಎಂದರು. ಸೆಟೆತ ಬಾರದಂತೆ ಸೂಜಿ ಕೊಟ್ಟರು, ಒತ್ತಡ ಇಳಿಯಲು ಮದ್ದು ಕೊಟ್ಟರು, ಕೂಸನ್ನು ಹೊರಗೆ ತೆಗೆಯುವುದೇ ಇದಕ್ಕೆ ಖರೇ ಔಷಧ ಎಂದು ನೋವು ಬರಿಸಿದರು. ಮರುದಿನ ಮಧ್ಯಾಹ್ನ ಕೂಸು ಹುಟ್ಟಿತು. ಹೆಣ್ಣು. ತುಂಬಿದ ಕೈ ಗಂಡಿನ ಗುರುತು ಎಂದವರೆಲ್ಲ ಮುಖ ಮುಖ ನೋಡಿಕೊಂಡರು. ಸಣ್ಣ ಕೂಸು, ಅಂಗೈಯಲ್ಲಿ ಹಿಡಿಯುವಷ್ಟು, ಆದರೆ ಕಿರುಚಿದ್ದು ಹೊರಗೆ ಟೆಂಪೋ ಹತ್ತಿರ ನಿಂತಿದ್ದ ಅಜ್ಜಪ್ಪನಿಗೂ ಕೇಳಿಸಿತು. ಬ್ಯಾಡಗಿಯಲ್ಲಿ ಮಾಲು ಇಳಿಸಿ ಮತ್ತೆ ಸುದ್ದಿ ಕೇಳಲೆಂದೇ ಬಂದಿದ್ದ ಮಹರಾಯ.

ಮನೆಯವರಿಗೆ ಎಲ್ಲ ಮುಗಿಯಿತು ಅನ್ನಿಸಿತು. ಕಾಶೀಬಾಯಿಯವರಿಗೆ ಗೊತ್ತಿತ್ತು, ಮುಗಿದಿಲ್ಲ. ಹೆತ್ತ ಮೇಲೂ ಈ ಒತ್ತಡ ಕೆಲವು ದಿನ ಹೊಂಚು ಹಾಕಿ ಕೂತಿರುತ್ತದೆ. ಬ್ಯಾಡಗಿಯಲ್ಲಿ ಡ್ಯೂಟಿ ಮುಗಿಸಿ ದಿನಾ ಸಂಜೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಬಂದರು. ಅಲ್ಲಿಯ ನರ್ಸುಗಳು ನೋಡಿ ಬರೆದಿಟ್ಟದ್ದು ಸಾಲದೆಂಬಂತೆ ತಮ್ಮ ಪೆಟ್ಟಿಗೆಯನ್ನೂ ತೆರೆದು ನೋಡುವರು. ಪಾದರಸ ಇನ್ನೂ ಅರ್ಧದ ಮೇಲೆಯೇ ಕುಣಿಯುತ್ತಿತ್ತು. ತಲೆನೋವಿದೆಯೇ, ಕಣ್ಣಿಗೆ ಮಬ್ಬೇ, ಉಚ್ಚೆ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳಿ, ನೋಡಲು ಬಂದವರು ತಂದ ಉಪ್ಪಿನಕಾಯಿ ಡಬ್ಬಿಯನ್ನು ಮುಲಾಜಿಲ್ಲದೆ ಅವರ ಚೀಲಕ್ಕೇ ಹಾಕಿ ಕಳಿಸುವರು.

ಐದನೆಯ ದಿನ ಬಂತು. ಅಂದಿನ ಐದೇಶಿ ಪೂಜೆ ಮನೆಯಲ್ಲೇ ಆಗಬೇಕು, ಸೆಟವಿ ತಾಯಿ ಕೂಸಿನ ಹಣೆಬರಹ ಬರೆಯಲು ಬರುವುದು ಮನೆಗೆ, ಆಸ್ಪತ್ರೆಗಲ್ಲ ಎಂದು ಮಲ್ಲೇಶ‌ಪ್ಪನೂ ಬಂದ ನೆಂಟರೂ ಗಂಟು ಕಟ್ಟತೊಡಗಿದರು. ಕಾಶೀಬಾಯಿ ಒಳಗೆ ಬಂದಾಗ ಗಂಟು ಅರ್ಧ ಕಟ್ಟಿತ್ತು. ಅವರು ಬಾಯಿ ತೆರೆಯುವ ಮೊದಲೇ ಉಚ್ಚಂಗೆವ್ವ ಬಾಗಿಲಿಗೆ ಅಡ್ಡ ಕೂತಳು.

"ಪಾದರಸ ಕೆಳಗ ಇಳೀತು ಅಂತ ಬಾಯಾರು ಅನ್ನೂ ತನಕಾ ಯಾರೂ ಏಳಂಗಿಲ್ಲ. ಸೆಟವಿಗೆ ಕೂಸು ಬೇಕಂದ್ರ ಇಲ್ಲಿಗೇ ಬರ್ತಾಳ, ಅಕೀಗೇನ ಬಸ್ಸಿನ ಟಿಕೀಟ ತಗಸಬೇಕ?"

"ಯವ್ವಾ, ಮಂದಿ ಏನಂತಾರ" ಎಂದ ಮಲ್ಲೇಶಪ್ಪ.

"ಮಂದಿ ನಮ್ಮ ತಂಗಿ ಸತ್ತಾಗೂ ಏನೇನೋ ಅಂದ್ರು. ಅಂದು ತಮ್ಮ ತಮ್ಮ ಮನಿಗೆ ಹೋದ್ರು."

ಮಲ್ಲೇಶಪ್ಪ ಗಂಟು ಬಿಚ್ಚಿದ. ಆ ಗದ್ದಲಕ್ಕೆ ಕೂಸು ಎದ್ದು ಅಳತೊಡಗಿತು. ಶೇಖವ್ವ ಎತ್ತಿಕೊಳ್ಳಲು ಬಲಗೈ ಚಾಚಿ ಬಗ್ಗಿದಳು. ಬಗ್ಗಿದ್ದೇ ತಡ, ಕೈಯಿಂದ ಒಂದು ಹಸಿರು ಬಳೆ ಜಾರಿ, ಬೆರಳ ಗಂಟು ದಾಟಿ, ನೆಲಕ್ಕೆ ಬಿದ್ದು, ಒಡೆಯದೆ ಉರುಳುತ್ತ ಹೋಗಿ ಪಕ್ಕದ ಮಂಚದ ಕೆಳಗೆ ಮಲಗಿತು.

ಬಾಣಂತಿಯ ಕೈಯಿಂದ ಕುಬಸದ ಬಳೆ ತಾನಾಗಿ ಕಳಚಿ ಬೀಳುವುದೆಂದರೆ ಆಡಬಾರದ ಮಾತು. ಪಕ್ಕದ ಮಂಚದ ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡು ಮುಖ ತಿರುಗಿಸಿದಳು. ಮಲ್ಲೇಶಪ್ಪನ ಮುಖ ಬಿಳಿಚಿತು. ಶೇಖವ್ವ ತಪ್ಪು ಮಾಡಿದವಳ ಹಾಗೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಕಾಶೀಬಾಯಿ ಮಾತ್ರ ಮಂಚದ ತುದಿಗೆ ಹಾರಿ ಕೂತು ಶೇಖವ್ವನ ಕಣಕಾಲಿಗೆ ಹೆಬ್ಬೆರಳು ಒತ್ತಿದರು, ತೆಗೆದರು. ಕುಳಿ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ನಿಲ್ಲಲಿಲ್ಲ. ಪಟ್ಟಿ ಸುತ್ತಿ ಗಾಳಿ ಹೊಡೆದರು. ಉಚ್ಚಂಗೆವ್ವ ಎದ್ದು ಬಂದು ಕೊಳವೆಗೆ ಮುಖ ಹಚ್ಚಿ ನಿಂತಳು. ಪಾದರಸ ಇಳಿಯಿತು, ಇಳಿಯಿತು, ಅರ್ಧ ದಾಟಿತು, ಇನ್ನೂ ಸುಮ್ಮನೇ ಇಳಿಯಿತು, ಆಮೇಲೆ ಕೆಳಗೆ, ಉಚ್ಚಂಗೆವ್ವನದು ಎಲ್ಲಿ ಕುಣಿದಿತ್ತೋ ಹತ್ತಿರಹತ್ತಿರ ಅಲ್ಲೇ ಕುಣಿಯಿತು.

ಕಾಶೀಬಾಯಿ ಹೇಳಲು ಬಾಯಿ ತೆರೆದರು. ಹೇಳಬೇಕಾಗಿಯೇ ಇರಲಿಲ್ಲ.

ಉಚ್ಚಂಗೆವ್ವ ಮಂಚದ ಮೇಲೆ ಕೂತು, ಸೊಸೆಯ ಸೆರಗಿನೊಳಗಿಂದ ಆ ಬಲಗೈಯನ್ನು ಎಳೆದುಕೊಂಡಳು. ಎಲ್ಲರೂ ನೋಡುತ್ತಿದ್ದಂತೆ, ಉಳಿದ ದೊಡ್ಡ ಬಳೆಗಳನ್ನು ಒಂದೊಂದಾಗಿ ತನ್ನ ಕೈಯಿಂದಲೇ ಹಿರಿದು ತನ್ನ ಮಡಿಲಿಗೆ ಹಾಕಿಕೊಂಡಳು. ಬೆಳ್ಳಗೆ, ಸಣ್ಣಗೆ, ಎಲುಬು ಕಾಣುವ ಆ ಹುಡುಗಿಯ ಮುಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಲ್ಲೇಶಿ, ಸೈದಾಬೀಗೆ ಹೇಳಿ ಕಳಸೋ" ಎಂದಳು. "ಎರಡು-ನಾಕರವು ತರಲಿ."